ಕಾಗದಕ್ಕೂ ಫಿಲ್ಮಿಗೂ ಒಂದೇ ನಾರು

ಮಕ್ಕಳೇ, ನಿಮ್ಮ ನೋಟುಪುಸ್ತಕದ ಹಾಳೆಗೂ ಹಳೆಯ ಸಿನಿಮಾ ಫಿಲ್ಮಿಗೂ ಏನು ನಂಟು? ಇದನ್ನು ತಿಳಿಯಲು ಮೊದಲು ಎಚ್.ಡಿ. ಕೋಟೆಯ ಕಾಡಿಗೆ ಹೋಗೋಣ.

ಹಿಂದೆ ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಹಿಡಿದು ಪಳಗಿಸಿದ ಆನೆಗಳಿಂದ ಮರದ ದಿಮ್ಮಿಗಳನ್ನು ಎಳೆಸುತ್ತಿದ್ದರು. ಸಾಕ್ಷ್ಯಚಿತ್ರಗಳಿಗೆ ಹೆಸರಾದ ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದು ಇಲ್ಲಿನ ಕಾಡನ್ನೂ ಆನೆಗಳನ್ನೂ ಚಿತ್ರೀಕರಿಸಿದರು. ಅವು 1937ರ ‘ಎಲಿಫೆಂಟ್ ಬಾಯ್’ ಎಂಬ ಕಥಾಚಿತ್ರದಲ್ಲಿವೆ. ಅದರಲ್ಲಿ ನಟಿಸಿದ ಬಾಲಕ ಸಾಬು ನಮ್ಮ ಕಾರಾಪುರದವನು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದೆ ಆ ಪ್ರದೇಶ ಕಬಿನಿ ಹಿನ್ನೀರಿನಲ್ಲಿ ಮುಳುಗಿತು. ಈಗ ಅದನ್ನು ಚಿತ್ರಗಳಲ್ಲಷ್ಟೇ ನೋಡಬಹುದು. ಫಿಲ್ಮೇ ಹಾಳಾದರೆ?

ಫಿಲ್ಮು ಯಾವುದರಿಂದ ಆಗಿದೆ?

ಎಲ್ಲ ಸಸ್ಯಗಳ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಎಂಬ ವಸ್ತುವಿದೆ. ಮರ, ಬಿದಿರು, ಹತ್ತಿ ಎಲ್ಲದರಲ್ಲೂ ಅದು ಇದೆ. ಮರದಲ್ಲಿ ನಾರುಗಳನ್ನು ಅಂಟಿನಂತೆ ಹಿಡಿದಿಡುವುದು ಲಿಗ್ನಿನ್. ಬಿದಿರಿನ ಚೂರುಗಳನ್ನು ರಾಸಾಯನಿಕಗಳೊಂದಿಗೆ ಬೇಯಿಸಿದರೆ ಲಿಗ್ನಿನ್ ಕರಗಿ, ನಾರು ಬಿಡಿಬಿಡಿಯಾಗಿ ತಿರುಳಾಗುತ್ತದೆ. ತಿರುಳನ್ನು ಜಾಲರಿಯ ಮೇಲೆ ಹರಡಿ, ನೀರು ಸೋಸಿ, ಒತ್ತಿ ಒಣಗಿಸಿದರೆ ಕಾಗದ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಬಿದಿರಿನಿಂದ ಕಾಗದ ಮಾಡುತ್ತಿತ್ತು.

ಇದೇ ಸೆಲ್ಯುಲೋಸನ್ನು, ಮುಖ್ಯವಾಗಿ ಹತ್ತಿಯದನ್ನು, ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ನೆನೆಸಿದರೆ ಸೆಲ್ಯುಲೋಸ್ ನೈಟ್ರೇಟ್ ಆಗುತ್ತದೆ. ಅದಕ್ಕೆ ಕರ್ಪೂರ ಬೆರೆಸಿದರೆ ಬಾಗುವ, ಪಾರದರ್ಶಕವಾದ ಪಟ್ಟಿ ಸಿಗುತ್ತದೆ. ಅದೇ ಆ ಕಾಲದ ಸಿನಿಮಾ ಫಿಲ್ಮು.

ಆದರೆ ಅದರಲ್ಲೊಂದು ಅಪಾಯವಿತ್ತು. ನೈಟ್ರೇಟಿನೊಳಗೇ ಆಮ್ಲಜನಕವಿದೆ. ಆದ್ದರಿಂದ ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಅದು ಉರಿಯುತ್ತದೆ! ಬೆಂಕಿ ತಾಗದಿದ್ದರೂ ವರ್ಷ ಕಳೆದಂತೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಸಾವಿರಾರು ನೈಟ್ರೇಟ್ ರೀಲುಗಳು ನಾಶವಾದವು. 1950ರ ದಶಕದಿಂದ ಸಿನಿಮಾಗಳಿಗೆ ಸುಲಭವಾಗಿ ಹೊತ್ತಿಕೊಳ್ಳದ ಸೆಲ್ಯುಲೋಸ್ ಅಸಿಟೇಟ್ ಫಿಲ್ಮು ಬಳಕೆಗೆ ಬಂತು. ಬಿಸಿಲಿನ ಶಾಖ, ತೇವ ತಾಗಿದರೆ ಅದೂ ವಿನೆಗರ್ ವಾಸನೆ ಬೀರುತ್ತಾ ಕೆಡುತ್ತದೆ. ಹಾಗಾಗಿ ಹಳೆಯ ಫಿಲ್ಮುಗಳನ್ನು ತಂಪಾದ ಒಣ ಕೋಣೆಯಲ್ಲಿಟ್ಟು, ಅವುಗಳ ಪ್ರತಿ ಮಾಡಿಕೊಳ್ಳುತ್ತಾರೆ.

ಮಾಡಿ ನೋಡಿ

ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ. ಇನ್ನೊಂದನ್ನು ಅಡ್ಡಲಾಗಿ ಹರಿಯಿರಿ. ಯಾವುದು ನೇರವಾಗಿ ಹರಿಯಿತು? ಹರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಕಾಣುವ ಕೂದಲಿನಂಥ ಎಳೆಗಳೇ ಸಸ್ಯದ ನಾರು. ಯಂತ್ರದಲ್ಲಿ ತಿರುಳು ಸಾಗುವ ದಿಕ್ಕಿಗೇ ಹೆಚ್ಚು ನಾರುಗಳು ಸಾಲುಗೂಡುತ್ತವೆ. ಆ ದಿಕ್ಕಿನಲ್ಲಿ ಕಾಗದ ನೇರವಾಗಿ ಹರಿಯುತ್ತದೆ.

ಯೋಚಿಸಿ

1. ನೈಟ್ರೇಟ್ ಫಿಲ್ಮಿನ ಬೆಂಕಿ ನೀರಿನಿಂದ ಆರುವುದಿಲ್ಲ, ಏಕೆ?
2. ನಿಮ್ಮ ಮನೆಯ ಹಳೆಯ ಫೋಟೋ, ಕಾಗದಪತ್ರಗಳನ್ನು ಎಲ್ಲಿಟ್ಟರೆ ಹೆಚ್ಚು ಕಾಲ ಬಾಳುತ್ತವೆ?