‘ಹೊಸ ಗಿಡ’ ಎಂದರೆ ಯಾರಿಗೆ ಹೊಸದು?



ಮೂಡಬಿದಿರೆ ಎಂಬ ಹೆಸರನ್ನು ಸ್ವಲ್ಪ ಬಿಡಿಸಿ ನೋಡಿ. ಮೂಡು ಎಂದರೆ ಪೂರ್ವ. ಬಿದಿರೆ ಎಂದರೆ ಬಿದಿರು. ಹಿಂದೆ ಅಲ್ಲಿ ಬಿದಿರು ಧಾರಾಳ ಇತ್ತು ಎಂದು ಹೆಸರೇ ಹೇಳುತ್ತದೆ. ಹಾಗಾದರೆ ಊರಿನ ಹೆಸರು ಕೂಡ ಒಂದು ದಾಖಲೆ ಆಯಿತು. ಆದರೆ ಅದು ಯಾವ ಜಾತಿಯ ಬಿದಿರು? ಯಾವ ಗುಡ್ಡೆಯಲ್ಲಿ ಇತ್ತು? ಯಾರು ನೋಡಿದರು, ಯಾವಾಗ ನೋಡಿದರು? ಇದು ಯಾವುದೂ ಹೆಸರಿನಿಂದ ಗೊತ್ತಾಗುವುದಿಲ್ಲ. ಒಂದು ಗಿಡ ಒಂದು ಊರಿನಲ್ಲಿ ಉಂಟು ಎಂದು ವಿಜ್ಞಾನ ಒಪ್ಪಬೇಕಾದರೆ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಬೇಕು. ಅದಕ್ಕೆ ‘ಸಸ್ಯ ದಾಖಲೆ’ ಎನ್ನುತ್ತಾರೆ. ಈ ಸಲದ ಪಾಠ ಅದರ ಬಗ್ಗೆ.

ಹೊಸದರಲ್ಲಿ ಮೂರು ವಿಧ

ಒಂದನೆಯದು, ಲೋಕಕ್ಕೇ ಹೊಸದು. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡು ಇದೆ. ಅಲ್ಲಿ ಗೇರಿನ ಕುಟುಂಬದ ಒಂದು ಮರ ಸಿಕ್ಕಿತು. ಅದಕ್ಕೆ ಯಾವ ಪುಸ್ತಕದಲ್ಲೂ ಹೆಸರು ಇರಲಿಲ್ಲ. 2000ನೇ ಇಸವಿಯಲ್ಲಿ ಅದಕ್ಕೆ ಆ ಕಾಡಿನ ಹೆಸರನ್ನೇ ಸೇರಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು.

ಎರಡನೆಯದು, ಲೋಕಕ್ಕೆ ಗೊತ್ತಿದೆ, ಆದರೆ ಆ ಸೀಮೆಯಲ್ಲಿ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗಿಡ ಮೊದಲಿಂದಲೂ ಅಲ್ಲೇ ಇತ್ತು. ನೋಡಿ ಬರೆದವರು ಮಾತ್ರ ಇರಲಿಲ್ಲ.

ಮೂರನೆಯದು, ಬೇರೆ ಕಡೆಯಿಂದ ನಿಜವಾಗಿಯೂ ಹೊಸದಾಗಿ ಬಂದದ್ದು.

ಎರಡನೆಯದು ಮತ್ತು ಮೂರನೆಯದು ನಮ್ಮ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎರಡನ್ನೂ ನಾವು ‘ಇಲ್ಲಿ ಇದನ್ನು ನೋಡಿಯೇ ಇಲ್ಲ’ ಎನ್ನುತ್ತೇವೆ. ಆದರೆ ಮೊದಲೇ ಇದ್ದ ಅಪರೂಪದ ಗಿಡವನ್ನು ಉಳಿಸಬೇಕು, ಹೊರಗಿನಿಂದ ನುಗ್ಗಿದ ಕಳೆಯನ್ನು ತಡೆಯಬೇಕು. ಯಾವುದು ಯಾವುದೆಂದು ತಿಳಿಯದಿದ್ದರೆ ಉಳಿಸಬೇಕಾದದ್ದನ್ನು ಕಿತ್ತು, ಕೀಳಬೇಕಾದದ್ದನ್ನು ಬೆಳೆಸಿದ ಹಾಗೆ ಆಗಬಹುದು!

ನೇರಳೆ ಮತ್ತು ಇಪ್ಪೆಯ ನೆಂಟರು

ಎರಡನೆಯ ವಿಧಕ್ಕೆ ಒಳ್ಳೆಯ ಉದಾಹರಣೆ ಉತ್ತರ ಕನ್ನಡದಲ್ಲೇ ಉಂಟು. ನಾವು ತಿನ್ನುವ ನೇರಳೆಯ ಕುಲದ್ದೇ ಒಂದು ಮರ ‘ಸಿಜಿಜಿಯಂ ಟ್ರಾವಂಕೋರಿಕಂ’. ಹೆಸರಿನಲ್ಲೇ ತಿರುವಾಂಕೂರು ಇದೆ. ಇಪ್ಪೆಯ ಕುಲದ ಇನ್ನೊಂದು ಮರ ‘ಮಧುಕಾ ಬೋರ್ಡಿಲ್ಲೋನಿ’. ಇವೆರಡೂ ದಕ್ಷಿಣ ಕೇರಳದ ಮರಗಳು ಎಂದೇ ಎಲ್ಲರೂ ತಿಳಿದಿದ್ದರು. ಅಲ್ಲಿಯೂ ಇವು ಅಳಿವಿನ ಅಂಚಿಗೆ ಬಂದಿದ್ದವು. ಆದರೆ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಅವರ ಜೊತೆಗಾರರು ಉತ್ತರ ಕನ್ನಡದ ಹಳೆಯ ಕಾಡುಗಳಲ್ಲಿ ಇವೆರಡನ್ನೂ ಕಂಡುಹಿಡಿದು 2008ರಲ್ಲಿ ಪ್ರಕಟಿಸಿದರು. ಮೊದಲು ಗೊತ್ತಿದ್ದ ಜಾಗದಿಂದ ಸುಮಾರು 700 ಕಿಲೋಮೀಟರ್ ಉತ್ತರಕ್ಕೆ!

ಮರಕ್ಕೆ ಕಾಲಿಲ್ಲ. ಅದು ನಡೆದುಕೊಂಡು ಬರಲಿಲ್ಲ. ಹಿಂದೆ ಘಟ್ಟದ ಉದ್ದಕ್ಕೂ ಇಂಥ ತಂಪು ಕಾಡು ಇದ್ದಿರಬೇಕು. ನಡುವಿನ ಕಾಡು ಹೋಗಿ ಅಲ್ಲೊಂದು ಇಲ್ಲೊಂದು ತುಂಡು ಉಳಿದಿರಬೇಕು. ಹಾಗೆ ಉಳಿದ ತುಂಡುಗಳಲ್ಲಿ ಈ ಮರಗಳೂ ಉಳಿದವು.

ಈಗ ಭೂಪಟ ತೆಗೆದು ನೋಡಿ. ದಕ್ಷಿಣ ಕೇರಳ ಕೆಳಗೆ, ಉತ್ತರ ಕನ್ನಡ ಮೇಲೆ. ನಡುವೆ ಯಾವುದು? ನಮ್ಮ ಜಿಲ್ಲೆ! ಚಾರ್ಮಾಡಿಯ ಬುಡದ ಕಾಡು, ಬೆಳ್ತಂಗಡಿಯ ತೋಡುಗಳು, ಬಂಟ್ವಾಳದ ಗುಡ್ಡೆಗಳು, ಮೂಡಬಿದಿರೆಯ ಬನಗಳು ಎಲ್ಲ ಆ ನಡುವಿನ ಸೀಮೆಯಲ್ಲೇ ಇವೆ. ನಮ್ಮ ತೋಡಿನ ಬದಿಯ ಮರಗಳನ್ನು ನಾವು ಎಂದಾದರೂ ಒಂದೊಂದಾಗಿ ನೋಡಿದ್ದೇವಾ?

ಪುಸ್ತಕದ ಗಡಿಯೇ ಗಿಡದ ಗಡಿಯಲ್ಲ

ಗಿಡಗಳ ಪುಸ್ತಕ ಬರೆದವರು ಸರಕಾರದ ಗಡಿಯನ್ನು ನೋಡಿ ಬರೆದರು. 1956ರ ವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಆದ್ದರಿಂದ ನಮ್ಮ ಗಿಡಗಳು ಗ್ಯಾಂಬಲ್ ಎಂಬವರ ಮದರಾಸು ಪ್ರಾಂತದ ಸಸ್ಯಗಳ ಪುಸ್ತಕದಲ್ಲಿ ಇವೆ. ಅದು 1915ರಲ್ಲಿ ಪ್ರಾರಂಭವಾಯಿತು. ಗ್ಯಾಂಬಲ್ ತೀರಿಹೋದ ಮೇಲೆ ಫಿಶರ್ ಎಂಬವರು 1936ರಲ್ಲಿ ಮುಗಿಸಿದರು. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿ ಇದ್ದುದರಿಂದ ಅಲ್ಲಿಯ ಗಿಡಗಳು ಬೇರೆ ಪುಸ್ತಕಕ್ಕೆ ಹೋದವು. ಪುಸ್ತಕದಲ್ಲಿ ಇಲ್ಲ ಎಂದರೆ ಕಾಡಿನಲ್ಲಿ ಇಲ್ಲ ಎಂದು ಅರ್ಥವಲ್ಲ. ಬರೆದವರು ಆ ತೋಡಿನ ಹತ್ತಿರ ಹೋಗಿಲ್ಲ ಎಂದೂ ಆಗಬಹುದು. ಆಮೇಲೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಅವಿಭಜಿತ ದಕ್ಷಿಣ ಕನ್ನಡದ ಸಸ್ಯಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಈಗ ಯಾರಾದರೂ ‘ಇದು ನಮ್ಮಲ್ಲಿ ಹೊಸದು’ ಎನ್ನುವ ಮೊದಲು ಇಂಥ ಪುಸ್ತಕಗಳನ್ನು ನೋಡಲೇಬೇಕು.

ಬಂದ ದಿನ ಬರೆದಿಟ್ಟರೆ

ಮೂರನೆಯ ವಿಧಕ್ಕೆ ಕಾಂಗ್ರೆಸ್ ಗಿಡವೇ ಸಾಕ್ಷಿ. ಅಮೆರಿಕ ಖಂಡದ ಈ ಕಳೆ 1955ರಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಮುಂದೆ ದೇಶವೆಲ್ಲ ಹರಡಿತು. ಇದು ತಾಗಿದರೆ ಕೆಲವರಿಗೆ ಮೈಯೆಲ್ಲ ತುರಿಕೆ, ಕೆಲವರಿಗೆ ಉಬ್ಬಸ. ಇದನ್ನು ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅಷ್ಟರಲ್ಲಿ ಸುಮಾರು 30 ವರ್ಷ ಕಳೆದಿತ್ತು. ಒಂದು ಊರಿಗೆ ಕಳೆ ಬಂದಾಗ ಮೊದಲ ಹತ್ತು ಗಿಡವನ್ನು ಯಾರಾದರೂ ಗುರುತಿಸಿದರೆ ಅರ್ಧ ಗಂಟೆಯಲ್ಲಿ ಕಿತ್ತು ಮುಗಿಸಬಹುದು. ಗುಡ್ಡೆ ತುಂಬಿದ ಮೇಲೆ ಯಾರಿಂದಲೂ ಆಗುವುದಿಲ್ಲ.

ಬೆಳೆಯ ತಳಿಗಳಲ್ಲಿಯೂ ಹೀಗೆಯೇ. ನಮ್ಮ ತೋಟದ ಮಂಗಳ ಅಡಿಕೆ ಚೀನಾದಿಂದ ತಂದ ತಳಿ, 1972ರಲ್ಲಿ ಬಿಡುಗಡೆ ಆಯಿತು. ಮೋಹಿತ್‌ನಗರ ಎಂಬ ತಳಿ ಪಶ್ಚಿಮ ಬಂಗಾಳದ್ದು, 1991ರಲ್ಲಿ ಬಿಡುಗಡೆ ಆಯಿತು. ಇದು ನಮಗೆ ಗೊತ್ತಿರುವುದು ನಮ್ಮ ಬಂಟ್ವಾಳ ತಾಲೂಕಿನ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಬರೆದಿಟ್ಟದ್ದರಿಂದ. ಆದರೆ ಕಯಮೆ, ಅತಿಕರಾಯ, ಮಸ್ಕತಿ ಎಂಬ ಭತ್ತದ ತಳಿಗಳು ನಮ್ಮ ಗದ್ದೆಗೆ ಯಾವಾಗ ಬಂದವು, ಎಲ್ಲಿಂದ ಬಂದವು? ಗದ್ದೆ ಹೋಗಿ ತೋಟ ಆದಲ್ಲೆಲ್ಲ ಈ ಹೆಸರುಗಳು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿವೆ. ಅವರನ್ನು ಈಗಲೇ ಕೇಳಿ ಬರೆದುಕೊಳ್ಳಬೇಕು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರು 650ಕ್ಕಿಂತ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು.

ದಾಖಲೆ ಮಾಡುವುದು ಹೇಗೆ?

1. ಎಲೆ, ಹೂ ಅಥವಾ ಕಾಯಿ ಇರುವ ಒಂದು ಸಣ್ಣ ರೆಂಬೆ ಸಾಕು. ಬರೀ ಎಲೆಯಿಂದ ಗುರುತಿಸುವುದು ಕಷ್ಟ.
2. ಒಣಗಿದ ಮೇಲೆ ಮಾಯವಾಗುವ ಸಂಗತಿಗಳನ್ನು ಅಲ್ಲೇ ಬರೆಯಿರಿ: ಹೂವಿನ ಬಣ್ಣ, ವಾಸನೆ, ಸೊನೆ, ಮರದ ಎತ್ತರ.
3. ರೆಂಬೆಯನ್ನು ಹಳೆ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಪ್ರತಿದಿನ ಪೇಪರ್ ಬದಲಿಸಿ. ಮಳೆಗಾಲದಲ್ಲಿ ಬೂಸ್ಟು ಬರುತ್ತದೆ, ಜಾಗ್ರತೆ.
4. ಒಣಗಿದ ಮೇಲೆ ದಪ್ಪ ಕಾಗದಕ್ಕೆ ಅಂಟಿಸಿ ಚೀಟಿ ಹಚ್ಚಿ.

ಚೀಟಿಯ ಮಾದರಿ:
ಊರಿನ ಹೆಸರು: ಕುಂಟು ನೇರಳೆ
ಸಿಕ್ಕಿದ ಜಾಗ: ಗ್ರಾಮ, ತಾಲೂಕು, ತೋಡಿನ ಬದಿಯೋ ಗುಡ್ಡೆಯೋ
ದಿನಾಂಕ:
ಎಷ್ಟು ಗಿಡ ಇದೆ:
ಹೂ, ಕಾಯಿ:
ಸಂಗ್ರಹಿಸಿದವರು:

ಹೆಸರು ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ. ಅಂದಾಜಿನಲ್ಲಿ ಬರೆಯಬೇಡಿ. ಜಾಗ ಮತ್ತು ದಿನಾಂಕ ಮಾತ್ರ ಖಾಲಿ ಬಿಡಬಾರದು. ಹೆಸರನ್ನು ನೂರು ವರ್ಷ ಕಳೆದ ಮೇಲೂ ತಿಳಿದವರು ನೋಡಿ ಹೇಳಬಹುದು. ಜಾಗವನ್ನು ಯಾರೂ ಹೇಳಲಾರರು.

ಎಚ್ಚರಿಕೆ: ಒಂದೋ ಎರಡೋ ಗಿಡ ಮಾತ್ರ ಇದ್ದರೆ ಕೀಳಬೇಡಿ, ಚಿತ್ರ ಬಿಡಿಸಿದರೆ ಸಾಕು. ಗುರುತಿಲ್ಲದ ಹಣ್ಣು ತಿನ್ನಬೇಡಿ. ಚೇರೆ ಮರದ ಸೊನೆ ತಾಗಿದರೆ ಮೈ ಸುಡುತ್ತದೆ. ನಾಗಬನಕ್ಕೆ ಮನೆಯವರನ್ನು ಕೇಳದೆ ಹೋಗಬಾರದು.

ಬರೆದದ್ದನ್ನು ಎಲ್ಲಿಗೆ ಕೊಡುವುದು?

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ತಳಿಗಳನ್ನೆಲ್ಲ ‘ಜನತಾ ಜೀವವೈವಿಧ್ಯ ದಾಖಲೆ’ಯಲ್ಲಿ ಬರೆಯಬೇಕು. ನಮ್ಮ ಪಟ್ಟಿಯನ್ನು ಗುರುಗಳ ಮೂಲಕ ಅಲ್ಲಿಗೆ ಕೊಡಬಹುದು. ನಾಳೆ ರಸ್ತೆಗೋ ಕೆಂಪುಕಲ್ಲಿನ ಕೋರೆಗೋ ಒಂದು ಗುಡ್ಡೆ ಅಗೆಯಬೇಕೆಂದು ಬಂದಾಗ ‘ಇಲ್ಲಿ ಏನಿದೆ?’ ಎಂದು ಕೇಳುತ್ತಾರೆ. ‘ಕಾಡು ಪೊದೆ’ ಎಂದರೆ ಆ ದಿನವೇ ಮುಗಿಯಿತು. ಹೆಸರು, ಜಾಗ, ದಿನಾಂಕ ಇರುವ ಕಾಗದ ತೋರಿಸಿದರೆ ಅವರು ಒಂದು ಸಲ ಯೋಚಿಸಬೇಕಾಗುತ್ತದೆ.

ಮನೆಗೆಲಸ: ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಎಷ್ಟು ಬಗೆಯ ಮರ ಇವೆ? ಗೊತ್ತಿರುವ ಹೆಸರುಗಳನ್ನು ಕನ್ನಡದಲ್ಲೋ ತುಳುವಿನಲ್ಲೋ ಬರೆಯಿರಿ. ಹೆಸರು ಗೊತ್ತಿಲ್ಲದ ಮರಗಳ ಎಲೆಯ ಚಿತ್ರ ಬಿಡಿಸಿ ಶನಿವಾರ ತನ್ನಿ. ಎಲ್ಲವನ್ನೂ ಈ ಗೋಡೆಗೆ ಹಚ್ಚೋಣ.