ಅರವತ್ತರ ಪಟ್ಟಿಯಾಚೆಯ ಹುಡುಗ: ಮೊಳಕೆ ಗುರುತಿಸಲು ಹತ್ತು ಸೂತ್ರಗಳು

ಪ್ರತಿ ವರ್ಷ ಜೂನ್ ಕೊನೆಗೆ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ 30 ತಂಡಗಳು ಸರದಿಯಂತೆ ಹೊಸ ಹುಡುಗರ ಹೆಸರು ಕೂಗುತ್ತವೆ. ಎರಡು ಸುತ್ತು, ಹೆಚ್ಚೆಂದರೆ 60 ಹೆಸರು. ಇದೇ ಡ್ರಾಫ್ಟ್. ಪಟ್ಟಿ ಮುಗಿದರೂ ಹೆಸರು ಬಾರದೆ ಉಳಿದವರು ‘ಅನ್‌ಡ್ರಾಫ್ಟೆಡ್’. ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಯ ಹೆಸರು ಕೂಗಿದ ಬೆನ್ನಿಗೇ ತಂಡಗಳವರು ಉಳಿದ ಹುಡುಗರ ಏಜೆಂಟರಿಗೆ ಫೋನ್ ಹಚ್ಚುತ್ತಾರೆ.

ಆ ಗುಂಪಿನಲ್ಲಿ ಯಾರನ್ನು ಹಿಡಿಯಬೇಕು? ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ನಮಗೆ ಗೊತ್ತು. ಆದರೆ ಮೊಳಕೆಯಲ್ಲಿ ಏನನ್ನು ನೋಡಬೇಕು ಅಂತ ಗಾದೆ ಹೇಳುವುದಿಲ್ಲ. ಅದಕ್ಕೇ ಈ ಹತ್ತು ಸೂತ್ರ.

1. ಪಟ್ಟಿಯನ್ನೇ ತೀರ್ಪು ಅಂದುಕೊಳ್ಳಬೇಡಿ

1996ರ ಡ್ರಾಫ್ಟ್‌ನಲ್ಲಿ ಅಲೆನ್ ಐವರ್ಸನ್, ಕೋಬಿ ಬ್ರಯಂಟ್, ಸ್ಟೀವ್ ನ್ಯಾಶ್ ಎಲ್ಲರ ಹೆಸರೂ ಬಂತು. ಬೆನ್ ವ್ಯಾಲೇಸ್ ಹೆಸರು ಬರಲಿಲ್ಲ. ವರ್ಜೀನಿಯಾ ಯೂನಿಯನ್ ಎಂಬ ಎರಡನೇ ದರ್ಜೆಯ ಕಾಲೇಜು ತಂಡದ ಹುಡುಗ. ಮುಂದೆ ಅವರು ನಾಲ್ಕು ಸಲ ವರ್ಷದ ಶ್ರೇಷ್ಠ ಡಿಫೆಂಡರ್ ಆದರು, 2004ರಲ್ಲಿ ಡೆಟ್ರಾಯ್ಟ್ ಪಿಸ್ಟನ್ಸ್ ಜೊತೆ ಚಾಂಪಿಯನ್ ಆದರು, 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ತಿರುಗಿಸಿ ನೋಡಿದರೂ ಹಾಗೇ. 2015ರ ಜೂನ್‌ನಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ 52ನೇ ಹೆಸರಾಗಿ ಡಲ್ಲಾಸ್ ಪಾಲಾದಾಗ ಭಾರತಕ್ಕೇ ಹಬ್ಬ. ಡ್ರಾಫ್ಟ್ ಆದ ಮೊದಲ ಭಾರತೀಯ! ಆದರೆ ಎನ್‌ಬಿಎ ಪಂದ್ಯವೊಂದನ್ನೂ ಅವರಿಗೆ ಆಡಲಾಗಲಿಲ್ಲ. ಸತ್ನಾಮ್ ಆಯ್ಕೆಗೆ ಎರಡು ತಿಂಗಳ ಮುಂಚೆ, ಡ್ರಾಫ್ಟ್‌ನಲ್ಲಿ ಆಯ್ಕೆಯೇ ಆಗದ ಭಾರತೀಯ ಮೂಲದ ಕೆನಡಿಗ ಸಿಮ್ ಭುಲ್ಲರ್ ಸ್ಯಾಕ್ರಮೆಂಟೊ ಕಿಂಗ್ಸ್ ಪರ ಅಂಗಳಕ್ಕೆ ಇಳಿದಿದ್ದರು. ಪಟ್ಟಿ ಬಾಗಿಲು ತೆರೆಯಬಹುದು, ಒಳಗೆ ಕೂರಿಸುವುದಿಲ್ಲ.

2. ‘ಎಷ್ಟು ಚೆನ್ನಾಗಿ ಆಡ್ತಾನೆ’ ಅನ್ನಬೇಡಿ, ‘ಯಾವ ಕೆಲಸಕ್ಕೆ ಬರ್ತಾನೆ’ ಅಂತ ಕೇಳಿ

ಹತ್ತೂ ಸೂತ್ರಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಡಿ. ಎಲೆಯ ಮೇಲೆ ಅನ್ನ, ಸಾರು, ಪಲ್ಯ ಬಡಿಸುವವರು ಪ್ರತಿ ತಂಡದಲ್ಲೂ ಆಗಲೇ ಇದ್ದಾರೆ. ಹೊಸ ಹುಡುಗನಿಗೆ ಇರುವ ಜಾಗ ಎಲೆಯ ಮೂಲೆಯಲ್ಲಿ, ಉಪ್ಪಿನಕಾಯಿಯದು. ಸ್ವಲ್ಪವೇ ಬೇಕು, ಆದರೆ ರುಚಿ ಖಚಿತವಾಗಿರಬೇಕು. ಎಲ್ಲವನ್ನೂ ಸುಮಾರಾಗಿ ಮಾಡುವವನಿಗೆ ಅಲ್ಲಿ ಜಾಗವಿಲ್ಲ.

ಬ್ರೂಸ್ ಬೋವೆನ್ 1993ರಲ್ಲಿ ಆಯ್ಕೆಯಾಗದೆ ಫ್ರಾನ್ಸಿಗೂ ಹೋಗಿ ಆಡಿ ಬಂದವರು. ಎದುರಾಳಿಯ ಅತ್ಯುತ್ತಮ ಆಟಗಾರನಿಗೆ ಅಂಟಿಕೊಳ್ಳುವುದು, ಮೂಲೆಯಲ್ಲಿ ನಿಂತು ಗೆರೆಯಾಚೆಯಿಂದ ಮೂರು ಅಂಕ ತರುವ ‘ಮೂರಂಕದ ಎಸೆತ’ ಹಾಕುವುದು, ಈ ಎರಡೇ ಕೆಲಸದ ಬಲದಿಂದ ಸ್ಯಾನ್ ಆಂಟೋನಿಯೊ ಸ್ಪರ್ಸ್ ಜೊತೆ ಮೂರು ಚಾಂಪಿಯನ್‌ಶಿಪ್ ಗೆದ್ದರು. 2018ರಲ್ಲಿ ಯಾರೂ ಆರಿಸದ ಡಂಕನ್ ರಾಬಿನ್ಸನ್ 2019–20ರ ಋತುವಿನಲ್ಲಿ ಮಯಾಮಿ ಪರ 270 ಮೂರಂಕದ ಎಸೆತಗಳನ್ನು ಬುಟ್ಟಿಗೆ ಹಾಕಿದರು. 2021ರಲ್ಲಿ ಐದು ವರ್ಷಕ್ಕೆ 9 ಕೋಟಿ ಡಾಲರ್ ಒಪ್ಪಂದ ಕೈಗೆ ಬಂತು.

ಹುಡುಗನ ಬಗ್ಗೆ ಒಂದೇ ವಾಕ್ಯ ಬರೆಯಿರಿ: ‘ಇವನು ನಾಳೆ ರಾತ್ರಿ ಹತ್ತು ನಿಮಿಷ ಇಂಥ ಕೆಲಸ ಮಾಡಬಲ್ಲ.’ ವಾಕ್ಯ ತುಂಬಲಿಲ್ಲವೇ? ಮುಂದಿನ ಹುಡುಗನನ್ನು ನೋಡಿ.

3. ಚೆಂಡು ಕೈಯಲ್ಲಿಲ್ಲದಾಗ ನೋಡಿ

ಕಾಲೇಜಿನಲ್ಲಿ ಅವನೇ ರಾಜ. ಚೆಂಡು ಸದಾ ಅವನ ಕೈಯಲ್ಲಿ. ಎನ್‌ಬಿಎಯಲ್ಲಿ ಚೆಂಡು ಬೇರೆಯವರ ಕೈಯಲ್ಲಿರುತ್ತದೆ. ಹಾಗಾಗಿ ವಿಡಿಯೊದಲ್ಲಿ ಅವನು ಹಾಕಿದ ಅಂಕಗಳನ್ನು ಪಕ್ಕಕ್ಕಿಟ್ಟು, ಚೆಂಡು ದೂರವಿದ್ದಾಗ ಅವನ ಕಾಲುಗಳು ಏನು ಮಾಡುತ್ತಿವೆ ಅಂತ ಗಮನಿಸಿ. ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆಯೇ? ಖಾಲಿ ಜಾಗಕ್ಕೆ ನುಗ್ಗುತ್ತಾನೆಯೇ?

ಆಸ್ಟಿನ್ ರೀವ್ಸ್ ಒಕ್ಲಹೋಮ ಕಾಲೇಜು ತಂಡದ ಆಧಾರವಾಗಿದ್ದವರು. 2021ರಲ್ಲಿ ಲೇಕರ್ಸ್ ತಂಡ ಸೇರಿದಾಗ ತಾರೆ ಲೆಬ್ರಾನ್ ಜೇಮ್ಸ್ ಪಕ್ಕದಲ್ಲಿ ಆಡುವ ಆಟಗಾರನಾಗಿ ತನ್ನನ್ನು ಕುಗ್ಗಿಸಿಕೊಂಡರು. ಮೊದಲು ಕುಗ್ಗಿದ್ದರಿಂದಲೇ ಆಮೇಲೆ ಹಿಗ್ಗಲು ಜಾಗ ಸಿಕ್ಕಿತು. 2024–25ರ ಹೊತ್ತಿಗೆ ಅವರ ಸರಾಸರಿ ಪಂದ್ಯಕ್ಕೆ 20 ಅಂಕ.

4. ಮೂರಂಕದ ಲೆಕ್ಕಕ್ಕಿಂತ ಮೊದಲು ಫ್ರೀ ಥ್ರೋ ನೋಡಿ

ಒಂದು ಕಾಲೇಜು ಋತುವಿನಲ್ಲಿ ನೂರು ಮೂರಂಕದ ಎಸೆತ ಹಾಕಿದವನ ಶೇಕಡಾವಾರು ಅದೃಷ್ಟದಿಂದಲೂ ಏರಬಹುದು, ಇಳಿಯಬಹುದು. ಅಲ್ಲದೆ ಕಾಲೇಜಿನ ಮೂರಂಕದ ಗೆರೆ ಬುಟ್ಟಿಗೆ 22 ಅಡಿ ಚಿಲ್ಲರೆ ದೂರದಲ್ಲಿದೆ. ಎನ್‌ಬಿಎಯ ಗೆರೆ ನಡುಭಾಗದಲ್ಲಿ 23 ಅಡಿ 9 ಅಂಗುಲ. ಫೌಲ್ ಆದಾಗ ಸಿಗುವ ಫ್ರೀ ಥ್ರೋಗೆ ಅಡ್ಡ ಬರುವವರಿಲ್ಲ, ದೂರ ಬದಲಾಗುವುದಿಲ್ಲ. ಕೈಯ ಹದ ಎಂಥದ್ದು ಅಂತ ಅದು ನೇರವಾಗಿ ಹೇಳುತ್ತದೆ.

ಇದಕ್ಕೂ ಅಪವಾದವಿದೆ, ಮತ್ತೆ ಬೋವೆನ್. 2002–03ರಲ್ಲಿ ಅವರ ಫ್ರೀ ಥ್ರೋ ಶೇ. 40ರ ಆಸುಪಾಸು, ಆದರೆ ಮೂರಂಕದಲ್ಲಿ ಶೇ. 44.1ರೊಡನೆ ಇಡೀ ಲೀಗಿಗೇ ಮೊದಲಿಗರು! ಗುಟ್ಟು ಮೂಲೆಯಲ್ಲಿದೆ. ಅಲ್ಲಿ ಗೆರೆ 22 ಅಡಿಗೆ ಹತ್ತಿರ ಬರುತ್ತದೆ. ಅದೇ ಜಾಗ, ಅದೇ ನಿಲುವು, ಅದೇ ಎಸೆತವನ್ನು ಅವರು ಮೈಗೂಡಿಸಿಕೊಂಡಿದ್ದರು. ಅಂಕಿ ಕೈಕೊಟ್ಟಾಗ ಹುಡುಗನ ಪಾದ ನೋಡಿ. ಪ್ರತಿ ಸಲ ಒಂದೇ ಥರ ಊರುತ್ತಾನೆಯೇ?

5. ಎತ್ತರ ಅಳೆದಾದ ಮೇಲೆ ‘ಯಾರನ್ನು ಕಾಯಬಲ್ಲ’ ಅಂತ ಕೇಳಿ

ಅಳೆದೂ ಸುರಿದೂ ಎತ್ತರವೊಂದನ್ನೇ ಹಿಡಿದು ಕೂತರೆ ತಪ್ಪುತ್ತೀರಿ. ಚಾಚಿದ ತೋಳಿನ ಉದ್ದ, ಪಕ್ಕಕ್ಕೆ ಸರಿಯುವ ಕಾಲಿನ ವೇಗ, ಡಿಕ್ಕಿ ತಡೆಯುವ ಎದೆ, ಇವೆಲ್ಲವೂ ಲೆಕ್ಕಕ್ಕೆ ಬರಬೇಕು. ಫ್ರೆಡ್ ವ್ಯಾನ್‌ವ್ಲೀಟ್ ಎತ್ತರ 6 ಅಡಿಯ ಆಸುಪಾಸು. 2016ರಲ್ಲಿ ಯಾರೂ ಆರಿಸಲಿಲ್ಲ. 2019ರ ಫೈನಲ್‌ನ ಆರನೇ ಪಂದ್ಯದಲ್ಲಿ 22 ಅಂಕ ಹಾಕಿ ಟೊರಾಂಟೊ ಚಾಂಪಿಯನ್ ಆಗಲು ನೆರವಾದರು.

ಕಾಯುವುದು ಅಂದರೆ ಲು ಡಾರ್ಟ್. 2019ರ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದ ಈ ಕೆನಡಾದ ಹುಡುಗನಿಗೆ 2020ರ ಪ್ಲೇಆಫ್‌ನಲ್ಲಿ ಒಕ್ಲಹೋಮ ಸಿಟಿ ಕೊಟ್ಟ ಕೆಲಸ ಎದುರಾಳಿ ತಂಡದ ತಾರೆ ಜೇಮ್ಸ್ ಹಾರ್ಡನ್‌ರನ್ನು ತಡೆಯುವುದು. ಸರಣಿಯ ಏಳನೇ ಪಂದ್ಯದಲ್ಲಿ ಹಾರ್ಡನ್ ಹಾಕಿದ 15 ಎಸೆತಗಳಲ್ಲಿ ಬುಟ್ಟಿಗೆ ಬಿದ್ದದ್ದು 4. ತಂಡ ಸೋತಿತು, ಡಾರ್ಟ್ ಉಳಿದರು. ಕಾಯಲು ಬಂದವನಿಗೆ ಅಂಗಳದಲ್ಲಿ ನಿಮಿಷ ಸಿಗುತ್ತದೆ. ನಿಮಿಷ ಸಿಕ್ಕವನಿಗೆ ಉಳಿದದ್ದನ್ನು ಕಲಿಯಲು ಅವಕಾಶ.

6. ಇಂದಿನ ಮಟ್ಟಕ್ಕಿಂತ ಏರಿದ ಮೆಟ್ಟಿಲು ಎಣಿಸಿ

23ರ ಯುವಕ 19ರ ಹುಡುಗರ ಮೇಲೆ ಮೆರೆದರೆ ಅದರಲ್ಲಿ ಅರ್ಧ ವಯಸ್ಸಿನ ಪ್ರತಾಪ. ಅದನ್ನು ಕಳೆದು ಲೆಕ್ಕ ಹಾಕಿ. ಹಾಗಂತ ವಯಸ್ಸಾಯಿತು ಅಂತ ಬದಿಗೂ ಸರಿಸಬೇಡಿ. ಆಸ್ಟ್ರೇಲಿಯಾದ ಜೋ ಇಂಗಲ್ಸ್ ಯುರೋಪಿನಲ್ಲಿ ಆಡಿ ಪಳಗಿ, 27ರ ವಯಸ್ಸಿನಲ್ಲಿ ಮೊದಲ ಎನ್‌ಬಿಎ ಪಂದ್ಯ ಆಡಿದರು.

ಮುಖ್ಯವಾದದ್ದು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆ. ರಾಬಿನ್ಸನ್ ಮೂರನೇ ದರ್ಜೆಯ ವಿಲಿಯಮ್ಸ್ ಕಾಲೇಜಿನಿಂದ ಮಿಶಿಗನ್‌ಗೆ, ಅಲ್ಲಿಂದ ಮಯಾಮಿಗೆ ಹತ್ತಿದವರು. ಡಾರ್ಟ್ ಮೊದಲ ಋತುವಿನಲ್ಲಿ ಮೂರಂಕದ ಎಸೆತದಲ್ಲಿ ಶೇ. 30ನ್ನೂ ಮುಟ್ಟಲಿಲ್ಲ, 2024–25ರಲ್ಲಿ ಶೇ. 41 ದಾಟಿದರು. ಯೂಡೋನಿಸ್ ಹ್ಯಾಸ್ಲೆಮ್ 2002ರಲ್ಲಿ ಆಯ್ಕೆಯಾಗದೆ ಫ್ರಾನ್ಸಿಗೆ ಹೋದರು, ಮೈಭಾರ ಇಳಿಸಿದರು. 2003ರಲ್ಲಿ ಮಯಾಮಿಗೆ ಬಂದವರು ಅದೇ ತಂಡದಲ್ಲಿ 20 ಋತು ಉಳಿದರು.

7. ಸಮರ್ ಲೀಗಿನ ಅಬ್ಬರಕ್ಕೆ ಮರುಳಾಗಬೇಡಿ

ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಸಮರ್ ಲೀಗಿನಲ್ಲಿ ಎಲ್ಲರೂ ಕೆಲಸ ಹುಡುಕುತ್ತಿರುವವರೇ. ಒಬ್ಬ 30 ಅಂಕ ಹಾಕಿದ ಅಂದರೆ ಎದುರಿಗೆ ಯಾರಿದ್ದರು ಅಂತಲೂ ಕೇಳಬೇಕು. ಅಲ್ಲಿ ನೋಡಬೇಕಾದ್ದು ಬೇರೆ. ಮಾಡಿದ ತಪ್ಪನ್ನು ಮುಂದಿನ ಪಂದ್ಯದಲ್ಲಿ ತಿದ್ದಿಕೊಂಡನೇ? ಡಿಫೆನ್ಸ್‌ನಲ್ಲಿ ಜೊತೆಗಾರರನ್ನು ಕೂಗಿ ಎಚ್ಚರಿಸುತ್ತಾನೆಯೇ? ಬೆಂಚಿಗೆ ಕಳಿಸಿದಾಗ ಕಣ್ಣು ಆಟದ ಮೇಲಿತ್ತೇ, ನೆಲದ ಮೇಲಿತ್ತೇ?

8. ಬೀಜದ ಜೊತೆ ನೆಲವನ್ನೂ ಪರೀಕ್ಷಿಸಿ

ಒಳ್ಳೆ ಬೀಜವೂ ಬಂಡೆಯ ಮೇಲೆ ಬಿದ್ದರೆ ಒಣಗುತ್ತದೆ. 2017ರಿಂದ ‘ಟು-ವೇ’ ಎಂಬ ಒಪ್ಪಂದವಿದೆ. ಹುಡುಗ ಎನ್‌ಬಿಎ ತಂಡಕ್ಕೂ ಅದರ ತರಬೇತಿ ಕಣವಾದ ಜಿ ಲೀಗಿಗೂ ಓಡಾಡುತ್ತಾನೆ. ಈಗ ಪ್ರತಿ ತಂಡಕ್ಕೆ ಇಂಥ ಮೂರು ಜಾಗ. ದೊಡ್ಡ ತಂಡದೊಡನೆ ಹೆಚ್ಚೆಂದರೆ 50 ಪಂದ್ಯ, ಸಂಬಳ ಹೊಸಬರ ಕನಿಷ್ಠ ಸಂಬಳದ ಅರ್ಧ. ಅಲೆಕ್ಸ್ ಕರೂಸೊ ಈ ದಾರಿಯಲ್ಲೇ ಲೇಕರ್ಸ್ ಸೇರಿ 2020ರಲ್ಲಿ ಚಾಂಪಿಯನ್ ಆದವರು. 2025ರಲ್ಲಿ ಡಾರ್ಟ್ ಜೊತೆ ಒಕ್ಲಹೋಮ ಸಿಟಿಯಲ್ಲಿ ಇನ್ನೊಮ್ಮೆ ಗೆದ್ದರು.

ಹಾಗಾಗಿ ಕೇಳಿ: ಈ ತಂಡದಲ್ಲಿ ಅವನ ಕೆಲಸಕ್ಕೆ ಜಾಗ ಖಾಲಿ ಇದೆಯೇ? ಇಂಥವರನ್ನು ಬೆಳೆಸಿದ ರೂಢಿ ಇದೆಯೇ? 2023ರಲ್ಲಿ ಫೈನಲ್ ತಲುಪಿದ ಮಯಾಮಿ ತಂಡದಲ್ಲಿ ರಾಬಿನ್ಸನ್, ಮ್ಯಾಕ್ಸ್ ಸ್ಟ್ರೂಸ್, ಗೇಬ್ ವಿನ್ಸೆಂಟ್, ಕೇಲಬ್ ಮಾರ್ಟಿನ್ ಎಲ್ಲರೂ ಆಯ್ಕೆಯಾಗದವರೇ. ರೀವ್ಸ್ ಅಂತೂ ಎರಡನೇ ಸುತ್ತಿನಲ್ಲಿ ಬೇರೆ ತಂಡದ ಪಾಲಾಗುವುದಕ್ಕಿಂತ ಆಯ್ಕೆಯಾಗದೆ ಲೇಕರ್ಸ್ ಸೇರುವುದೇ ಮೇಲು ಅಂತ ನಿರ್ಧರಿಸಿದವರು. ಜೆರೆಮಿ ಲಿನ್‌ರನ್ನು 2011ರ ಡಿಸೆಂಬರ್‌ನಲ್ಲಿ ಎರಡು ತಂಡಗಳು ಕೈಬಿಟ್ಟವು. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅದೇ ಲಿನ್ ಲೇಕರ್ಸ್ ವಿರುದ್ಧ 38 ಅಂಕ ಹಾಕಿದರು. ಎರಡು ತಿಂಗಳಲ್ಲಿ ಆಟಗಾರ ಅಷ್ಟೊಂದು ಬದಲಾಗಿರಲಿಲ್ಲ, ನೆಲ ಬದಲಾಗಿತ್ತು.

9. ಕಷ್ಟದ ಕತೆಗೆ ಕರಗಬೇಡಿ, ಅಭ್ಯಾಸ ವಿಚಾರಿಸಿ

ಜಾನ್ ಸ್ಟಾರ್ಕ್ಸ್ ಒಂದು ಕಾಲದಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಚೀಲಕ್ಕೆ ತುಂಬುತ್ತಿದ್ದರು, 1994ರಲ್ಲಿ ಎನ್‌ಬಿಎಯ ‘ಆಲ್‌ಸ್ಟಾರ್’ ತಾರೆಗಳ ಸಾಲಿಗೆ ಸೇರಿದರು. ಓದಲು ಚೆಂದ. ಆದರೆ ಕಷ್ಟಪಟ್ಟವರು ಸಾವಿರಾರು ಜನ, ಎಲ್ಲರೂ ಆಲ್‌ಸ್ಟಾರ್ ಆಗಲಿಲ್ಲ. ಅಲಬಾಮದ ಹುಡುಗ ವ್ಯಾಲೇಸ್ ಜನರ ತಲೆಗೂದಲು ಕತ್ತರಿಸಿ ಮೂರು ಮೂರು ಡಾಲರ್ ಕೂಡಿಟ್ಟರು. ಆ ಬಡತನಕ್ಕಿಂತ ಅದರಿಂದ ಮಾಡಿದ್ದೇನು ಅನ್ನುವುದು ಮುಖ್ಯ: 50 ಡಾಲರ್ ಕಟ್ಟಿ ಎನ್‌ಬಿಎ ಆಟಗಾರ ಚಾರ್ಲ್ಸ್ ಓಕ್ಲಿಯ ತರಬೇತಿ ಶಿಬಿರ ಸೇರಿದರು. ಮುಂದೆ ಅದೇ ಓಕ್ಲಿ ತಾವು ಓದಿದ ವರ್ಜೀನಿಯಾ ಯೂನಿಯನ್‌ಗೆ ಇವರ ಹೆಸರು ಹೇಳಿದರು.

ಕೋಚ್‌ಗಳನ್ನು ‘ಒಳ್ಳೆ ಹುಡುಗನೇ?’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ‘ಬೆಳಿಗ್ಗೆ ಎಷ್ಟು ಹೊತ್ತಿಗೆ ಜಿಮ್‌ಗೆ ಬರ್ತಾನೆ, ಸೋತ ಮರುದಿನ ಏನು ಮಾಡ್ತಾನೆ’ ಅಂತ ಕೇಳಿ.

10. ತೀರ್ಪನ್ನು ತಾರೀಕು ಹಾಕಿ ಬರೆದಿಡಿ

ಮೇಲೆ ಹೇಳಿದವರಲ್ಲಿ ಹೆಚ್ಚಿನವರು ಗೆದ್ದವರು. ಅವರ ಹಿಂದೆ, ಹೆಸರೂ ಉಳಿಯದೆ ವಿದೇಶಿ ಲೀಗುಗಳಿಗೋ ಬೇರೆ ನೌಕರಿಗೋ ಹೋದವರೇ ಹೆಚ್ಚು. ಗೆದ್ದವರನ್ನಷ್ಟೇ ಎಣಿಸಿದರೆ ಪ್ರತಿ ಹುಡುಗನಲ್ಲೂ ವ್ಯಾಲೇಸ್ ಕಾಣಿಸುತ್ತಾನೆ. ಆದ್ದರಿಂದ ಇಂದೇ ಚೀಟಿ ಬರೆಯಿರಿ: ಇವನ ಕೆಲಸ ಯಾವುದು, ಯಾವ ನೆಲದಲ್ಲಿ ಬೆಳೆಯುತ್ತಾನೆ, ಯಾಕೆ ಬೆಳೆಯದೆಯೂ ಹೋಗಬಹುದು. ಮೂರು ವರ್ಷ ಬಿಟ್ಟು ತೆರೆಯಿರಿ.

1996ರಲ್ಲಿ ಯಾರಾದರೂ ‘ವ್ಯಾಲೇಸ್‌ಗೆ ಅಂಕ ಹಾಕಲು ಬರುವುದಿಲ್ಲ’ ಅಂತ ಚೀಟಿ ಬರೆದಿದ್ದರೆ ಆ ಮಾತು ಕೊನೆವರೆಗೂ ನಿಜವೇ ಆಗುತ್ತಿತ್ತು. ಇಡೀ ವೃತ್ತಿಜೀವನದಲ್ಲಿ ಅವರ ಸರಾಸರಿ ಪಂದ್ಯಕ್ಕೆ 5.7 ಅಂಕ, ಹಾಲ್ ಆಫ್ ಫೇಮ್‌ನಲ್ಲಿ ಕೂತಿರುವುದೂ ಅದೇ 5.7 ಹೊತ್ತುಕೊಂಡು. ಉತ್ತರ ಸರಿಯಾಗಿತ್ತು, ಪ್ರಶ್ನೆಯೇ ತಪ್ಪಿತ್ತು.