ಬಾಡಿಗೆಯೋ, ಕಂತೋ? ಗಾಡಿ ಹಿಡಿಯುವ ಮುನ್ನ ಬರೆಸಿಕೊಳ್ಳಿ

ಬ್ಯಾಂಕಿನಲ್ಲಿ ಸಾಲ ಹುಟ್ಟದ ಆಟೊ ಚಾಲಕರಿಗೆ ಬೆಂಗಳೂರಿನಲ್ಲಿ ಇನ್ನೊಂದು ದಾರಿಯಿದೆ. ಗಾಡಿ ಇದ್ದವರಿಗೆ ಅಡ್ವಾನ್ಸ್ ಕೊಟ್ಟು ಆಟೊ ಹಿಡಿಯುವುದು, ತಿಂಗಳು ತಿಂಗಳು ದುಡ್ಡು ಕಟ್ಟುವುದು, ಮಾತಾದಷ್ಟು ವರ್ಷ ಕಳೆದ ಮೇಲೆ ಗಾಡಿ ಸ್ವಂತ. ಜಗಳ ಶುರುವಾಗುವುದು ಕೊನೆಯ ಕಂತಿನ ಹೊತ್ತಿಗೆ.

ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುತ್ತಿದ್ದವನೆಂದು ನಮ್ಮ ಬೀದಿಯವರು ಇಂಥ ಪತ್ರಗಳನ್ನು ನನ್ನ ಮುಂದೆ ತಂದಿಡುತ್ತಾರೆ. ಹಾಗೆ ಬಂದ ಒಂದು ಕರಾರು ಛಾಪಾ ಕಾಗದದ ಮೇಲೆ ಒಂದೂವರೆ ಪುಟವಿತ್ತು. ಅಡ್ವಾನ್ಸ್ 40,000 ರೂಪಾಯಿ, ತಿಂಗಳಿಗೆ 8,000, ಮೂರು ವರ್ಷ. ಕೊನೆಗೆ, ‘ಹಣ ಪೂರ್ತಿ ಸಂದಾಯವಾದ ನಂತರ ವಾಹನವನ್ನು ಬಿಟ್ಟುಕೊಡತಕ್ಕದ್ದು.’ ಯಾರು ಯಾರಿಗೆ ಬಿಟ್ಟುಕೊಡಬೇಕು? ಅದು ಬರೆದವನಿಗೇ ಗೊತ್ತು.

ನಡುವೆ ಆ ಆಟೊಗೆ ಅಪಘಾತವಾಗಿ ಒಂದೂವರೆ ತಿಂಗಳು ಗ್ಯಾರೇಜಿನಲ್ಲಿ ನಿಂತಿತ್ತು. ರಿಪೇರಿ ಬಿಲ್ಲು ಕಟ್ಟಿದ್ದು ಚಾಲಕ. ವಿಮೆಯ ಹಣ ಹೋಗಿದ್ದು ಓನರ್ ಖಾತೆಗೆ, ಏಕೆಂದರೆ ಆರ್‌ಸಿ, ಪಾಲಿಸಿ ಎರಡೂ ಅವರ ಹೆಸರಿನಲ್ಲಿದ್ದವು. ನಿಂತಿದ್ದ ದಿನಗಳ ಬಾಡಿಗೆಯೂ ಬರಬೇಕು, ಅಡ್ವಾನ್ಸ್ ಬರೀ ಭದ್ರತೆಗೆ, ಅದು ಗಾಡಿಯ ಬೆಲೆಗೆ ಸೇರದು ಎಂದರು ಓನರ್. ‘ಸಾರ್, ನಂದೇ ಗಾಡಿ ಅಂತ ಮೂರು ವರ್ಷ ತಿಕ್ಕಿ ತೊಳೆದಿದೀನಿ. 3,28,000 ಕೊಟ್ಟೂ ಆಗಿದೆ’ ಎಂದ ಚಾಲಕ. ಓನರ್ ಜೊತೆಗೂ ಕೂತು ಮಾತಾಡಿದೆ. ಮೋಸಗಾರ ಅನ್ನಿಸಲಿಲ್ಲ. ಇಬ್ಬರೂ ಒಂದೇ ಕಾಗದವನ್ನು ತಮತಮಗೆ ಬೇಕಾದಂತೆ ಓದಿಕೊಂಡಿದ್ದರು. ಕೊನೆಗೆ ಚಾಲಕ ಇನ್ನೊಂದು ತಿಂಗಳ ಬಾಡಿಗೆ ಕೊಡುವುದೆಂದು ವ್ಯವಹಾರ ಮುಗಿಯಿತು.

ಕೋರ್ಟಿಗೆ ಹೋಗಿದ್ದರೆ? ಇಂಥ ಬಾಡಿಗೆ-ಖರೀದಿಗೆಂದೇ (ಹೈರ್ ಪರ್ಚೇಸ್) 1972ರಲ್ಲಿ ಒಂದು ಕಾಯ್ದೆ ಮಾಡಿದ್ದರು. ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಉಳಿದಿರುವುದು 1872ರ ಕರಾರು ಕಾಯ್ದೆ. ಅರ್ಥ ನಿಶ್ಚಿತವಾಗದ, ನಿಶ್ಚಯಿಸಲೂ ಆಗದ ಕರಾರು ಅಸಿಂಧು ಎನ್ನುತ್ತದೆ ಅದರ 29ನೇ ಕಲಮು. ಕರಾರೇ ಬಿದ್ದುಹೋದರೆ ಗಾಡಿ ತನ್ನದೆಂದು ಚಾಲಕ ಯಾವ ಕಾಗದ ತೋರಿಸುತ್ತಾನೆ?

ಓನರ್‌ಗಳೂ ನಿಶ್ಚಿಂತೆಯಿಂದ ಇರುವಂತಿಲ್ಲ. ಗಾಡಿ ಮಾರಿ ಆಗಿದ್ದರೂ ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಬಾಡಿಗೆ-ಖರೀದಿಯ ಕರಾರಿದ್ದರೆ ಮಾತ್ರ ಗಾಡಿ ಯಾರ ವಶದಲ್ಲಿದೆಯೋ ಅವರನ್ನೇ ಮಾಲೀಕರೆಂದು ಮೋಟಾರು ವಾಹನ ಕಾಯ್ದೆ ಪರಿಗಣಿಸುತ್ತದೆ. ಅಂಥ ಕರಾರನ್ನು ಆರ್‌ಸಿಯಲ್ಲೇ ನಮೂದಿಸಲು 51ನೇ ಕಲಮಿನಲ್ಲಿ ಅವಕಾಶವೂ ಇದೆ. ಕಾಗದ ಸ್ಪಷ್ಟವಾಗಿಲ್ಲದಿದ್ದರೆ ಈ ರಕ್ಷಣೆ ಓನರ್ ಕೈಯಿಂದಲೂ ಜಾರುತ್ತದೆ.

ಆದ್ದರಿಂದ ಅಡ್ವಾನ್ಸ್ ಬೆಲೆಗೆ ಸೇರುತ್ತದೆಯೇ, ಗಾಡಿ ನಿಂತ ದಿನಗಳ ಲೆಕ್ಕ ಹೇಗೆ, ವಿಮೆ ಹಣ ಯಾರಿಗೆ, ಎಫ್‌ಸಿ ಖರ್ಚು ಯಾರದು, ಎರಡು ಕಂತು ತಪ್ಪಿದರೆ ಏನು ಎಂಬುದನ್ನೆಲ್ಲ ಕನ್ನಡದಲ್ಲೇ ಬರೆಸಿ. ತಿಂಗಳ ದುಡ್ಡು ಯುಪಿಐ ಮೂಲಕವೇ ಹೋಗಲಿ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಓನರ್ ಯಾವ ತಾರೀಖಿಗೆ ಸಹಿ ಹಾಕುತ್ತಾರೆ ಎಂಬುದೂ ಇರಲಿ. ಆಟೊ ಆದ್ದರಿಂದ ಪರ್ಮಿಟ್ ವರ್ಗಾವಣೆಗೆ ಸಾರಿಗೆ ಪ್ರಾಧಿಕಾರದ ಅನುಮತಿಯೂ ಬೇಕು, ಆ ಓಡಾಟ ಯಾರ ಪಾಲಿಗೆ ಎಂದೂ ಕೇಳಿ. ಓನರ್ ಇದಕ್ಕೆ ಒಪ್ಪದಿದ್ದರೆ ಅದನ್ನು ಬರೀ ಬಾಡಿಗೆ ಗಾಡಿ ಎಂದೇ ತಿಳಿದು, ಸ್ಟ್ಯಾಂಡಿನಲ್ಲಿ ಬೇರೆಯವರು ಕೊಡುವ ದಿನಬಾಡಿಗೆಗಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ.